ಇದ್ದಿಲು ಬಸ್ಸಿಗೆ ದಮ್ಮು

ಬಸ್ಸು ಯಾಕೆ ನಿಂತಿತು ಅಂತ ಹೇಳೋಕೆ ಬರದ ಮನುಷ್ಯ ನಮ್ಮ ಲೈನಿನಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಏನೋ, ನಮ್ಮ ಬಸ್ಸು ನಿಲ್ಲುತ್ತಲೇ ಇತ್ತು, ಜನ ಹೇಳುತ್ತಲೇ ಇದ್ದರು, ನಾನು ನಗುತ್ತಲೇ ಇದ್ದೆ. ನಗದೇ ಇದ್ದೋನು ಡ್ರೈವರಣ್ಣ ಒಬ್ಬನೇ.

ನಾನು ಆ ಬಸ್ಸಿನ ಕ್ಲೀನರು. ಮಿಡ್ಲ್ ಸ್ಕೂಲಿನವರೆಗೂ ನನ್ನ ಓದು ಸರಿಯಾಗೇ ನಡೆದಿತ್ತು. ಒಂದು ದಿನ ಮೇಷ್ಟ್ರು ತಮ್ಮ ಕುರ್ಚಿಗೆ ಹಲಸಿನ ಮೇಣ ಬಳಿದೋನು ನಾನೇ ಅಂದರು. ನಾನಲ್ಲ ಅಂತ ನಾನಂದೆ. ಹೆಡ್ಮೇಷ್ಟ್ರಿಗೆ ದೂರು ಹೇಳೋಣ ಅಂತ ಅವರು ಎದ್ದರು, ಸಾಕ್ಷಿ ಹೇಳೋಕೆ ಕುರ್ಚಿಯೂ ಅವರ ಜೊತೆಗೇ ಎದ್ದಿತು. ಓದು ಅಲ್ಲಿಗೆ ಮುಗೀತು.

ಬಸ್ಸು ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಾಯಲ್ಲಿ ಬಂಗಾರಪೇಟೆಯಿಂದ, ಚಿನ್ನದ ಗಣಿಗಳ ಪಕ್ಕ ಹಾದು ಬೇತಮಂಗಲಕ್ಕೆ ಹೋಗುತ್ತೆ. ಯುದ್ಧ ಶುರುವಾದ ಮೇಲೆ ಪೆಟ್ರೋಲು ಕೂಪನ್ನಿಗೆ ತೊಟ್ಟು ತೊಟ್ಟು ಸಿಗೋ ಹಾಗಾಯ್ತು. ಆಗ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು ಕಟ್ಟಿದರು. ಅದರಲ್ಲಿ ಇದ್ದಿಲು ಸುರಿದು, ಕೆಂಡ ಮಾಡಿ, ಗಾಳಿ ಹೊಡೆಯೋ ಚಕ್ರ ಕೈಯಲ್ಲಿ ತಿರುಗಿಸಿದರೆ ಒಂದು ಥರ ಗ್ಯಾಸು ಹುಟ್ಟಿ ಕೊಳವೆ ಹಿಡಿದು ಇಂಜಿನ್ನಿಗೆ ಹೋಗುತ್ತೆ. ತಿರುಗಿಸೋ ಕೈ ನಂದು. ಸಮ ರಸ್ತೆಯಲ್ಲಿ ಪರವಾಗಿಲ್ಲ. ಏರು ಬಂತೋ, ಚೆನ್ನಾಗಿ ಓಡುತ್ತಿದ್ದ ಬಸ್ಸು ಇದ್ದಕ್ಕಿದ್ದಂಗೆ ಕಸುವು ಕಳಕೊಂಡು, ಗೊರಗೊರ ಅಂದು, ನಿಂತುಬಿಡುತ್ತಿತ್ತು.

ಇದಕ್ಕೆ ನಮ್ಮ ಕಡೆ ದಮ್ಮು ಅಂತಾರೆ. ಕನ್ನಡದೋರು, ತೆಲುಗಿನೋರು, ತಮಿಳಿನೋರು ಬೇರೆ ಯಾವುದಕ್ಕೂ ಒಪ್ಪಲ್ಲ, ಈ ಒಂದು ಮಾತಿಗೆ ಮಾತ್ರ ಮೂವರೂ ಒಪ್ಪಿದ್ದಾರೆ. ರಟ್ಟೆಯಲ್ಲಿ ಕಸುವಿದ್ದರೂ ದಮ್ಮು, ಎದೆಯಲ್ಲಿ ಉಬ್ಬಸ ಬಂದರೂ ದಮ್ಮು. ದಮ್ಮಿಲ್ಲ ಅಂದರೂ, ದಮ್ಮು ಬಂದಿದೆ ಅಂದರೂ ಅರ್ಥ ಒಂದೇ. ಆಸಾಮಿ ಕೆಲಸಕ್ಕೆ ಬರಲ್ಲ.

ಡ್ರೈವರಣ್ಣನಿಗೂ ದಮ್ಮು. ಮೊದಲು ಅವನು ನೆಲದಡಿ ಕಲ್ಲು ಕೊರೆಯೋ ಕೆಲಸದಲ್ಲಿದ್ದ. ಎದೆಯೊಳಗೆ ಕಲ್ಲುಪುಡಿ ಕೂತು, ಏಣಿ ಹತ್ತೋಕಾಗದೆ ಮೇಲಕ್ಕೆ ಬಂದ. ಕೂತು ಮಾಡೋ ಕೆಲಸಕ್ಕೆ ಅಷ್ಟು ಉಸಿರು ಬೇಡ ಅಂತ ಬಸ್ಸು ಓಡಿಸೋದು ಕಲಿತ. ಇದು ನನಗೆ ಗೊತ್ತು, ಬಸ್ಸಿನ ಸಾವ್ಕಾರ್ರಿಗೆ ಗೊತ್ತಿಲ್ಲ. ಅವರು ಒಂದು ದಿನ ಸ್ಟ್ಯಾಂಡಿಗೆ ಬಂದು, ಬಸ್ಸು ಏರಿನಲ್ಲಿ ನಿಲ್ಲೋದು ಬಸ್ಸಿನ ದೋಷವೋ ಡ್ರೈವರಿನ ದೋಷವೋ ತಿಳೀಬೇಕು, ಡ್ರೈವರಿನದು ಅಂತಾದರೆ ಅವತ್ತೇ ಆ ಸೀಟಿನಲ್ಲಿ ಬೇರೆಯೋನು ಅಂತ ಹೇಳಿ ಹೋದರು. ಅವರು ಹೋದ ಮೇಲೆ ಡ್ರೈವರಣ್ಣ ನನ್ನ ಕಡೆ ತಿರುಗಿದ.

“ಈ ಸೀಟು ಓದ್ರೆ ನಂಗೆ ಇನ್ನೊಂದು ಸೀಟಿಲ್ಲ ಕಣ್ಲಾ. ಇಬ್ರು ಎಣ್ಮಕ್ಳು ಅವ್ರೆ.”

ಅಲ್ಲಿಂದ ಮುಂದೆ ಬಸ್ಸು ನಿಂತಾಗೆಲ್ಲ ತಪ್ಪು ಬಸ್ಸಿನದೇ ಅಂತ ಸಾಧಿಸೋದು ನನ್ನ ಕೆಲಸವಾಯ್ತು. ಸಂಬಳ ಮಾತ್ರ ಚಕ್ರ ತಿರುಗಿಸೋದಕ್ಕೆ.

ಸುಳ್ಳು ಹೇಳಿದೋರು

ಚಾಂಪಿಯನ್ ರೀಫ್ಸ್ ಗಣಿಯ ಹತ್ತಿರ ಸೈನೈಡ್ ಗುಡ್ಡ ಇದೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲುಪುಡಿ ಸುರಿದೂ ಸುರಿದೂ ಆದ ಬೂದು ಗುಡ್ಡ. ಹುಲ್ಲು ಕೂಡ ಬೆಳೆಯಲ್ಲ. ಗಾಳಿ ಬಂದರೆ ಎದ್ದು ಊರಿನ ಮೇಲೆಲ್ಲ ಕೂತು ಹೋಗುತ್ತೆ. ಬಸ್ಸು ನಿಲ್ಲೋಕೆ ಇಷ್ಟಪಡೋ ಏರು ಇರೋದು ಅದರ ಪಕ್ಕದಲ್ಲೇ.

ಒಂದು ಬೆಳಿಗ್ಗೆ ಅಲ್ಲಿ ನಿಂತಿತು. ಒಬ್ಬ ರೈತ ಇಳಿದು ಬಂದು ರೇಡಿಯೇಟರ್ ಮುಟ್ಟಿ ನೋಡಿ ಜ್ವರ ಬಂದಿದೆ ಅಂದ. ಎತ್ತಾಗಿದ್ದರೆ ಬಾಲ ಕಚ್ಚಿ ಎಬ್ಬಿಸಬಹುದಿತ್ತು, ಇದಕ್ಕೆ ಎಲ್ಲಿ ಕಚ್ಚೋದು ಅಂತ ಸುತ್ತಲೂ ಹುಡುಕಿದ. ಹಿಂದೆ ಹೋಗಿ ಡ್ರಮ್ಮಿಗೆ ಬಾಯಿ ಹಾಕಿಬಿಟ್ಟಾನು ಅಂತ ನಾನು ಅಡ್ಡ ನಿಂತೆ. ಮುಂದಿನ ಸೀಟಿನ ಶಾನುಭೋಗರು ಇಳಿಯಲೇ ಇಲ್ಲ. ಕೂತಲ್ಲಿಂದಲೇ, ಡ್ರೈವರ್ ಸರಿಯಿಲ್ಲ, ಸಾವ್ಕಾರ್ರಿಗೆ ನಾನೇ ಹೇಳ್ತೀನಿ ಅಂದರು.

ಡ್ರೈವರಣ್ಣನ ಮುಖ ಇದ್ದಿಲಾಯ್ತು. ನನಗೆ ತಡೀಲಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತು, ಈ ಬಸ್ಸಿಗೆ ಪೂಜೆ ಮಾಡಿಸಿದಾಗಿನಿಂದ ಬಹಳ ಮಡಿ, ಇವತ್ತು ಸುಳ್ಳು ಹೇಳಿದೋರು ಕೂತಿದ್ದರೆ ಏರು ಹತ್ತಲ್ಲ, ಅಂಥೋರು ದಯವಿಟ್ಟು ಇಳೀಬೇಕು ಅಂತ ಕೂಗಿದೆ. ಒಬ್ಬರೂ ಅಲುಗಲಿಲ್ಲ. ಎಲ್ಲರೂ ಸತ್ಯವಂತರೇ. ಇಳಿದಿದ್ದ ರೈತನೂ ಮತ್ತೆ ಹತ್ತಿ ಕೂತ. ಸರಿ ಅಂತ ನಾನು ಕೆಳಗಿಳಿದು ಚಕ್ರಕ್ಕೆ ಕೊಟ್ಟಿದ್ದ ಅಡ್ಡಗಲ್ಲನ್ನು ಕಾಲಲ್ಲಿ ಚೂರು ಸರಿಸಿದೆ. ಬಸ್ಸು ಮೆಲ್ಲಗೆ ಹಿಂದಕ್ಕೆ ಜಾರಿತು. ಡ್ರೈವರಣ್ಣ ಬ್ರೇಕು ಒತ್ತೋದರೊಳಗೆ ಬಸ್ಸು ಖಾಲಿಯಾಗಿತ್ತು.

ಎಲ್ಲರಿಗಿಂತ ಮೊದಲು ಹಾರಿದೋರು ಶಾನುಭೋಗರು. ಆಮೇಲೆ ಅವರು ಸಾವ್ಕಾರ್ರಿಗೆ ಏನೂ ಹೇಳಲಿಲ್ಲ. ಹೇಳಿದರೆ ಹಾರಿದ್ದನ್ನೂ ಹೇಳಬೇಕಲ್ಲ.

ಮೆಣಸಿನಕಾಯಿ ಘಾಟು

ಇನ್ನೊಂದು ಸಲ ಅದೇ ಏರು. ನಂದಿದುರ್ಗ ಗಣಿಯ ಕೂಲಿ ಲೈನು ಮನೆಯಲ್ಲಿರೋ ಒಬ್ಬ ತಮಿಳು ಅಜ್ಜಿ ದಿನಾ ನಮ್ಮ ಬಸ್ಸಿಗೆ ಬರುತ್ತಿದ್ದಳು. ಇಳಿದು ಬಂದು ಬಸ್ಸನ್ನ ಮೇಲಿಂದ ಕೆಳಗೆ ನೋಡಿ, “ಕಣ್ಣು ಪಟ್ಟುರ್ಚು ತಂಬಿ” ಅಂದಳು. ದೃಷ್ಟಿಯಾಗಿದೆಯಂತೆ. ಈ ಬಸ್ಸಿನ ಮೇಲೆ ಕಣ್ಣು ಹಾಕೋ ಅಂಥಾ ಬಡವ ಯಾರು ಅಂತ ನಾನು ಯೋಚಿಸುತ್ತಿರುವಾಗಲೇ ಅವಳು ಸಂತೆ ಚೀಲದಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ಬಸ್ಸಿನ ಸುತ್ತ ಮೂರು ಸುತ್ತು ಬಂದು ನಿವಾಳಿಸಿದಳು. ಡ್ರಮ್ಮಿನ ಮುಚ್ಚಳ ತೆಗೀ ಅಂದಳು. ತೆಗೆದೆ. ಕೆಂಡಕ್ಕೆ ಹಾಕಿದಳು. ಮುಚ್ಚಿದೆ.

ಕೆಂಡಕ್ಕೆ ಬಿದ್ದ ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ಗಟ್ಟಿ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಮೂಗು ಎತ್ತಿ ನಿಂತರು. ಘಾಟು ಬರಲೇ ಇಲ್ಲ. ಇಂಜಿನ್ನಿನಲ್ಲಿ ಇನ್ನೂ ಗುಟುಕು ಜೀವ ಇತ್ತು, ಡ್ರಮ್ಮಿನ ಹೊಗೆಯನ್ನೆಲ್ಲ ಅದು ಒಳಗೇ ಎಳಕೊಳ್ಳುತ್ತಿತ್ತು, ಹೊರಗೆ ಎಲ್ಲಿಂದ ಬರಬೇಕು? ನಾನು ಅದನ್ನ ಹೇಳಲಿಲ್ಲ. ದೃಷ್ಟಿ ಅಂದರೆ ಡ್ರೈವರಿನ ದೋಷ ಅಲ್ಲವಲ್ಲ. ಅಜ್ಜಿ ಹಣೆ ಹಣೆ ಬಡಕೊಂಡಳು. ಇಷ್ಟು ಕೆಟ್ಟ ದೃಷ್ಟಿ ತನ್ನ ಜೀವಮಾನದಲ್ಲೇ ನೋಡಿಲ್ಲವಂತೆ. ಜನಕ್ಕೆಲ್ಲ ಬಸ್ಸಿನ ಮೇಲೆ ಕನಿಕರ ಹುಟ್ಟಿತು. ಹೆಂಗಸರೂ ಸೇರಿ ಬಸ್ಸಿನ ಹಿಂದೆ ನಿಂತು ಹೆಗಲು ಕೊಟ್ಟರು.

ಡ್ರೈವರಣ್ಣ ಆಕ್ಸಿಲರೇಟರ್ ತುಳಿದ. ಒಳಗೆ ಹೋಗಿದ್ದ ಘಾಟು ಅಷ್ಟೂ ಕೆಳಗಿನ ಹೊಗೆ ಕೊಳವೆಯಿಂದ, ತಳ್ಳುತ್ತಿದ್ದೋರ ಮೂಗಿಗೇ ಬಂತು. ಜನ ಸೀನಿದ ರಭಸಕ್ಕೇ ಬಸ್ಸು ದಿಬ್ಬ ಹತ್ತಿಬಿಟ್ಟಿತು. ಅಜ್ಜಿ ಮಾತ್ರ ಕಣ್ಣೀರು ಸುರಿಸ್ತಾ, ಘಾಟು ಬಂತು, ದೃಷ್ಟಿ ಹೋಯ್ತು ಅಂತ ಎಲ್ಲರಿಗೂ ಲೆಕ್ಕ ಒಪ್ಪಿಸಿದಳು.

ಕೆಮ್ಮಿದ್ದು ಯಾರು

ಸಾವ್ಕಾರ್ರು ಸ್ಟ್ಯಾಂಡಿಗೆ ಬಂದಾಗ ಡ್ರೈವರಣ್ಣ ಕೆಮ್ಮು ನುಂಗುತ್ತಿದ್ದ. ನುಂಗಿ ನುಂಗಿ ಕಣ್ಣು ಕೆಂಪಾಗೋದು, ಕತ್ತಿನ ನರ ಎದ್ದು ನಿಲ್ಲೋದು. ಒಂದು ದಿನ ಅವರು ಬಸ್ಸಿನ ಹಿಂದುಗಡೆ ನಿಂತು ಡ್ರಮ್ಮು ನೋಡುತ್ತಿದ್ದರು. ಡ್ರೈವರಣ್ಣ ಮುಂದೆ ಬಾನೆಟ್ಟಿನ ಹತ್ತಿರ ಇದ್ದ. ನುಂಗೋಕಾಗದೆ ಬಾನೆಟ್ಟಿನೊಳಗೆ ತಲೆ ಹಾಕಿ ಕೆಮ್ಮಿದ. ತಗಡಿನೊಳಗಿಂದ ಬಂದ ಸದ್ದು ಹೇಗಿತ್ತು ಅಂದರೆ ನಾನೇ ಹೆದರಿದೆ.

ಏನ್ಲಾ ಅದು ಅಂತ ಸಾವ್ಕಾರ್ರು ಕೇಳಿದರು. ಇಂಜಿನ್ನು ಸಾಮಿ ಅಂದೆ. ಆಫ್ ಆಗಿದೆಯಲ್ಲ ಅಂದರು. ಆಫ್ ಆದ ಮೇಲೇ ಸಾಮಿ ಜಾಸ್ತಿ ಕೆಮ್ಮೋದು, ಮಲಗಿದ ಮೇಲೆ ಕೆಮ್ಮು ಹೆಚ್ಚಾಗಲ್ವಾ, ಹಾಗೆ ಅಂದೆ. ಅವರ ತಾಯಿಗೂ ಹಾಗೇ ಆಗುತ್ತಿತ್ತಂತೆ, ತಲೆಯಾಡಿಸಿದರು.

ಡ್ರೈವರಣ್ಣ ಕೆಮ್ಮಿದ್ದಕ್ಕೆ ಮಾರನೇ ದಿನ ಬಸ್ಸಿಗೆ ಹೊಸ ಎಣ್ಣೆ ಬಿತ್ತು.

ಪಂಡಿತರು ನಾಡಿ ಹಿಡಿಯೋಕೆ ಬಂದರು

ಬೇತಮಂಗಲದ ಕೆರೆ ಏರಿ ಇನ್ನೇನು ಬಂತು ಅನ್ನುವಾಗ ಬಸ್ಸು ಮತ್ತೆ ಕುಸಿದು ನಿಂತಿತು. ಅವತ್ತು ಡ್ರೈವರಣ್ಣನೂ ಕುಸಿದಿದ್ದ. ಬಾಯಲ್ಲಿ ಮಾತು ಹೊರಡದೆ, ಊರೊಳಗಿರೋ ರಿಪೇರಿ ಮಿಸ್ತ್ರಿಯನ್ನ ಕರೆದುಕೊಂಡು ಬಾ ಅಂತ ಕೈಯಲ್ಲೇ ತೋರಿಸಿದ. ನಾನು ಓಡಿದೆ. ಓಡುತ್ತಿರೋ ಹುಡುಗನನ್ನ ಕಂಡು ಜಗಲಿ ಮೇಲೆ ಕೂತಿದ್ದ ನಾಟಿ ಔಷಧಿ ಪಂಡಿತರು ನಿಲ್ಲಿಸಿದರು.

“ಏನಾಯ್ತೋ?”

“ದಮ್ಮು ಕಟ್ಟೋಗದೆ ಸಾಮಿ. ಏರು ಅತ್ತಕಾಗ್ತಿಲ್ಲ. ಒಳಗೆಲ್ಲ ಗೊರಗೊರ ಅಂತದೆ.”

“ವಯಸ್ಸೆಷ್ಟು?”

ಆಗಲೇ ನನಗೆ ತಿಳೀತು, ಅವರು ಮನುಷ್ಯರ ವಿಷಯ ಕೇಳುತ್ತಿದ್ದಾರೆ ಅಂತ. ಆದರೆ ಇಂಥಾ ಮಾತುಕತೆ ದಿನಾ ಸಿಗಲ್ಲ.

“ಇಪ್ಪತ್ತರ ಮೇಲೆ ಸಾಮಿ.”

“ಊಟ ಸೇರುತ್ತಾ?”

“ಇದ್ದಿಲೊಂದೇ ಸಾಮಿ. ಮೂಟೆಗಟ್ಲೆ ತಿಂತದೆ.”

ಪಂಡಿತರ ಹುಬ್ಬು ಮೇಲಕ್ಕೆ ಹೋಯ್ತು. ಬಸುರಿ ಹೆಂಗಸರು ಇದ್ದಿಲು, ಮಣ್ಣು ತಿನ್ನೋದು ಅವರು ಕಾಣದ್ದಲ್ಲ. ಬಯಕೆ ಇರಬೇಕು ಅಂತ ತಮಗೆ ತಾವೇ ಹೇಳಿಕೊಂಡು, ಎಷ್ಟು ತಿಂಗಳಾಯ್ತು ಅಂದರು. ಯುದ್ಧ ಶುರುವಾದಾಗಿನಿಂದ ಅಂದೆ. ಹೊಟ್ಟೆ ಹೇಗಿದೆ ಅಂದರು. ಹಿಂದುಗಡೆ ಇದೆ ಸಾಮಿ, ಹಗ್ಗ ಹಾಕಿ ಕಟ್ಟಿದ್ದೀವಿ ಅಂದೆ. ಪಂಡಿತರು ದೇವರ ಹೆಸರು ಹೇಳಿ, ಔಷಧಿ ಗಂಟು ಕಂಕುಳಲ್ಲಿ ಇಟ್ಟುಕೊಂಡು, ನನಗಿಂತ ಮುಂದೆ ಓಡಿದರು.

ಬಸ್ಸು ನೋಡಿ, ಡ್ರಮ್ಮು ನೋಡಿ, ನನ್ನನ್ನು ನೋಡಿದರು. ಊರುಗೋಲು ಎತ್ತಿದರು. ನಾನು ಡ್ರಮ್ಮಿನ ಹಿಂದೆ ಸೇರಿಕೊಂಡೆ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ ಕಣೋ ಅಂತ ಬೈಯುತ್ತಾ ಮುಂದೆ ಬಂದೋರು, ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದ ಡ್ರೈವರಣ್ಣನನ್ನ ಕಂಡು ನಿಂತರು. ಊರುಗೋಲು ಕೆಳಗಿಟ್ಟರು. ಅವನ ಬೆನ್ನಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಮೆಲ್ಲಗೆ, “ಇದಕ್ಕೂ ಇಲ್ಲ” ಅಂದರು.

ಒಂದು ಹಿಡಿ ಆಡುಸೋಗೆ ಸೊಪ್ಪು ಕೊಟ್ಟು, ಕುದಿಸಿ ಕುಡಿ, ಏರು ಹತ್ತಬೇಡ, ಹತ್ತಿದ ದಮ್ಮನ್ನ ಇಳಿಸೋದು ನಮ್ಮ ಕೈಲಿಲ್ಲ ಅಂತ ಹೇಳಿ ಹೋದರು. ಡ್ರೈವರಣ್ಣನಿಗೆ ಮಾತು ಬರೋಕೆ ಸುಮಾರು ಹೊತ್ತು ಹಿಡೀತು.

“ವಾಸಿ ಬಿಡ್ಲಾ,” ಅಂದ. “ಬಸ್ಸಿಗೊಂದು ನಂಗೊಂದು ಏಳಿದ್ರೆ ಒಟ್ಟೆಕಿಚ್ಚು ಆಗ್ತಿತ್ತು.”

ತೂಕಕ್ಕೆ ಹಾಕೋದು

ಆ ಪಂಡಿತರು ಯಾವುದೋ ಮದುವೆಯಲ್ಲಿ ನಮ್ಮ ಸಾವ್ಕಾರ್ರ ಪಕ್ಕ ಊಟಕ್ಕೆ ಕೂತರಂತೆ. ಪಾಯಸ ಬರೋ ಹೊತ್ತಿಗೆ, ನಿಮ್ಮ ಬೇತಮಂಗಲದ ಬಸ್ಸಿನಲ್ಲಿ ದಮ್ಮು ಇದೆಯಲ್ಲ, ಬಲಿತುಹೋಗಿದೆ, ಬಹಳ ದಿನ ಇಲ್ಲ, ಏರು ಹತ್ತಿಸಬೇಡಿ ಅಂದರಂತೆ. ಅವರು ಹೇಳಿದ್ದು ಡ್ರೈವರಣ್ಣನ ವಿಷಯ. ಸಾವ್ಕಾರ್ರು ಕೇಳಿಸಿಕೊಂಡದ್ದು ಬಸ್ಸಿನ ವಿಷಯ.

ಮಾರನೇ ಬೆಳಿಗ್ಗೆ ಸಾವ್ಕಾರ್ರು ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತರು. ಡ್ರೈವರಣ್ಣ ಎದುರಿಗೆ ಕೈಕಟ್ಟಿ ನಿಂತ. ನಾನು ಇದ್ದಿಲು ಆರಿಸೋ ನೆವದಲ್ಲಿ ಅಲ್ಲೇ ಕೂತೆ.

“ಪಂಡಿತ್ರು ಎಲ್ಲಾ ಏಳಿದ್ರು,” ಅಂದರು ಸಾವ್ಕಾರ್ರು. “ದಮ್ಮು ಅಂತೆ.”

ಡ್ರೈವರಣ್ಣ ನೆಲ ನೋಡಿದ. “ಊಂ ಸಾಮಿ.”

“ಇಷ್ಟ್ ದಿನ ನಂಗ್ಯಾಕೆ ಏಳ್ಲಿಲ್ಲ?”

“ಕೆಲ್ಸ ಓತದೆ ಅಂತ ಸಾಮಿ.”

“ಮುಚ್ಚಿಟ್ರೆ ವಾಸಿ ಆಗ್ತದಾ? ಒಂದ್ ಕೆಲ್ಸ ಮಾಡಾನ. ಮಿಸ್ತ್ರೀನ ಕರ್ಸಿ ಪೂರ್ತಿ ಬಿಚ್ಚುಸ್ತೀನಿ. ಒಳಗಿರಾದೆಲ್ಲ ಆಚೆ ತೆಗ್ದು, ಸೀಮೆಎಣ್ಣೇಲಿ ತೊಳ್ದು, ಬಿಸ್ಲಿಗಿಟ್ಟು, ತಿರ್ಗಾ ಜೋಡ್ಸಾನ.”

ಡ್ರೈವರಣ್ಣ ತಲೆ ಎತ್ತಿದ. ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡ. ಒಪ್ಪಿದ ಅಂದುಕೊಂಡು ಸಾವ್ಕಾರ್ರು ಮುಂದುವರಿಸಿದರು.

“ಆಗ್ಲೂ ಸರೋಗ್ಲಿಲ್ಲ ಅಂದ್ರೆ ತೂಕಕ್ಕೆ ಆಕ್ಬಿಡಾದು.”

“ತೂಕಕ್ಕಾ ಸಾಮಿ?”

“ಇನ್ನೇನು, ಮನೆ ಮುಂದೆ ನಿಲ್ಲುಸ್ಕಂಡು ಪೂಜೆ ಮಾಡ್ಲಾ? ಯಾರೂ ತಗಳ್ಲಿಲ್ಲ ಅಂದ್ರೆ ತೋಟ್ದಾಗೆ ಮಲಗ್ಸು. ಕೋಳಿಗಳಾದ್ರೂ ಒಳಗ್ ಕೂತ್ಕಂತವೆ.”

ಡ್ರೈವರಣ್ಣ ಎರಡೂ ಕೈ ಜೋಡಿಸಿದ. “ಮಣ್ಣಾದ್ರೂ ಮಾಡ್ಸಿ ಸಾಮಿ. ನಂಗೆ ಇಬ್ರು ಎಣ್ಮಕ್ಳು ಅವ್ರೆ.”

ಸಾವ್ಕಾರ್ರು ಕಣ್ಣು ಕಣ್ಣು ಬಿಟ್ಟರು. ಬಸ್ಸು ಮಣ್ಣು ಮಾಡೋದಕ್ಕೂ ಇವನ ಹೆಣ್ಣುಮಕ್ಕಳಿಗೂ ಏನು ಸಂಬಂಧ ಅಂತ ನನ್ನ ಮುಖ ನೋಡಿದರು. ಆಮೇಲೆ, ನಾನು ಗಾಡಿ ವಿಷ್ಯ ಏಳ್ತಿರಾದು ಕಣಯ್ಯ, ನಿಂಗೇನಾಗಿದೆ ಅಂದರು.

ಡ್ರೈವರಣ್ಣ ಬಸ್ಸಿನ ಕಡೆ ನೋಡಿದ, ತನ್ನ ಎದೆ ನೋಡಿಕೊಂಡ. ಆಮೇಲೆ ನಕ್ಕ. ಅವನು ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಹಲ್ಲು ಚೆನ್ನಾಗಿವೆ. ನಗು ಹಿಡಿತ ತಪ್ಪಿ ಕೆಮ್ಮಾಯ್ತು. ಕೆಮ್ಮು ನಿಲ್ಲಲಿಲ್ಲ. ಕಂಬ ಹಿಡಿದು, ಕಂಬ ಬಿಟ್ಟು, ನೆಲಕ್ಕೆ ಕೂತ. ಬಾನೆಟ್ಟಿನೊಳಗೆ ಕೇಳಿದ್ದ ಆ ಸದ್ದು ಈಗ ಬಯಲಿನಲ್ಲಿ, ಬಿಸಿಲಿನಲ್ಲಿ, ಸಾವ್ಕಾರ್ರ ಕಾಲ ಹತ್ತಿರ ಬಂತು. ಇಂಜಿನ್ನು ಅಂತ ಹೇಳೋಣ ಅಂದರೆ ಬಸ್ಸು ಆಚೆ ಮರದಡಿ ನಿಂತಿತ್ತು. 

ಸಾವ್ಕಾರ್ರು ಎದ್ದು ನಿಂತು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮಿಸ್ತ್ರಿಯನ್ನ ಕರೆಸಿದರು. ಬಸ್ಸು ಬಿಚ್ಚಿದರೆ, ಇಂಜಿನ್ನಿಗೆ ಹೋಗೋ ಗ್ಯಾಸು ಸೋಸೋಕೆ ಇಟ್ಟಿದ್ದ ಫಿಲ್ಟರಿನ ತುಂಬ ಸೈನೈಡ್ ಗುಡ್ಡದ ಬೂದು ಪುಡಿ ಗಟ್ಟಿ ಹತ್ತಿಕೊಂಡಿತ್ತು. ಗಾಳಿ ಬಂದ ದಿನವೆಲ್ಲ ಎಳಕೊಂಡಿದೆ. ಬ್ರಷ್ಷು ಹಾಕಿ ಉಜ್ಜಿದರು, ಕೊಡವಿದರು, ಬಿಸಿಲಿಗಿಟ್ಟರು, ಜೋಡಿಸಿದರು. ಬಸ್ಸು ಈಗ ಏರನ್ನ ಏರು ಅಂತಲೇ ತಿಳಕೊಳ್ಳಲ್ಲ. ಸೀಟಿನಲ್ಲಿ ಬೇರೆಯೋನು ಕೂತಿದ್ದಾನೆ.

ಬ್ರಷ್ಷು ಹಾಕಿ ಉಜ್ಜುವಾಗ ಡ್ರೈವರಣ್ಣ ಪಕ್ಕದಲ್ಲೇ ಕೂತು ನೋಡುತ್ತಿದ್ದ. ದೇವರು ಮನುಷ್ಯನಿಗೆ ಒಂದು ನಟ್ಟು ಬೋಲ್ಟು ಇಡಬೇಕಿತ್ತು ಅಂದ. ಇಟ್ಟಿದ್ದರೆ ಮಿಸ್ತ್ರಿ ಒಂದೆರಡು ಕಳೆದುಹಾಕುತ್ತಿದ್ದ ಅಂದೆ. ಅದೂ ಸರಿ ಅಂದ.

ಬೇತದ ಬಸ್ಸು

ಸಾವ್ಕಾರ್ರು ಕೆಟ್ಟೋರಲ್ಲ. ಸೀಟು ಹೋದ ಮನುಷ್ಯನನ್ನ ಬೀದಿಗೆ ಬಿಡಬಾರದು ಅಂತ ಯೋಚನೆ ಮಾಡಿ ಮಾಡಿ, ಅವನಿಗೆ ಒಂದು ಹಗುರವಾದ ಕೆಲಸ ಕೊಟ್ಟರು. ಸ್ಟೇರಿಂಗು ತಿರುಗಿಸೋ ಹಾಗಿಲ್ಲ, ಏರು ಹತ್ತೋ ಹಾಗಿಲ್ಲ. ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಆರಾಮಾಗಿ ಕೂತು, ಬಸ್ಸು ಹೊರಡೋ ಮುಂಚೆ ಬೇತಮಂಗಲ ಬೇತಮಂಗಲ ಅಂತ ಗಟ್ಟಿಯಾಗಿ ಕೂಗೋದು. ಅಷ್ಟೇ.

ಡ್ರೈವರಣ್ಣ ಬೇಡ ಅನ್ನಲಿಲ್ಲ. ಅನ್ನೋ ಹಾಗೂ ಇರಲಿಲ್ಲ. ಮೊದಲನೇ ದಿನ ಹೊಸ ಅಂಗಿ ಹಾಕಿಕೊಂಡು ಬಂದ. ಎದೆ ತುಂಬ ಉಸಿರು ಎಳೆದುಕೊಂಡು “ಬೇತ” ಅಂದ. ಉಸಿರು ಅಲ್ಲಿಗೆ ಮುಗೀತು. ಇನ್ನೊಂದು ಸಲ ಎಳೆದುಕೊಂಡ. “ಬೇತ.” ಮತ್ತೆ ಅಷ್ಟೇ.

ಗೋಣಿಚೀಲ ಹೊತ್ತ ಒಬ್ಬ ಮುದುಕಿ ಬಂದು ನಿಂತು ಕೇಳಿಸಿಕೊಂಡಳು. ಅವಳಿಗೆ ಬಹಳ ಬೇಜಾರಾಯ್ತು. “ಬೇತದ ಬಸ್ಸು ನಂಗ್ ಬ್ಯಾಡಪ್ಪ,” ಅಂದಳು. “ನಾನು ಬೇತಮಂಗ್ಲಕ್ಕೆ ಓಗ್ಬೇಕು. ಆ ಬಸ್ಸು ಯಾವಾಗ ಬತ್ತದೆ?” ಡ್ರೈವರಣ್ಣ ಕೈಯಲ್ಲಿ ಇದೇ ಇದೇ ಅಂತ ತೋರಿಸಿದ. ಇದು ಬೇತದ್ದು ಅಂತ ನೀನೇ ಏಳ್ತಿದ್ದೀಯಲ್ಲ ಅಂತ ಅವಳು ಬೈದಳು. ಅವಳನ್ನ ನೋಡಿ ಇನ್ನೂ ನಾಲ್ಕಾರು ಜನ ಇಳಿದರು. ಬಸ್ಸು ಅರ್ಧ ಖಾಲಿ ಹೋಯ್ತು.

ಇದು ಸಾವ್ಕಾರ್ರ ಕಿವಿಗೆ ಬಿದ್ದರೆ ಈ ಬೆಂಚೂ ಹೋಗುತ್ತೆ. ಅದಕ್ಕೇ ಈಗ ನಾವಿಬ್ಬರೂ ಹಂಚಿಕೊಂಡಿದ್ದೀವಿ. ಅವನು ಬೆಂಚಿನ ಮೇಲೆ, ನಾನು ಬಸ್ಸಿನ ಹಿಂದೆ ಚಕ್ರ ತಿರುಗಿಸುತ್ತಾ. ಅವನು ಬೇತ ಅಂತಾನೆ, ನಾನು ಮಂಗಲ ಅಂತೀನಿ. ದೂರದಿಂದ ಕೇಳಿದರೆ ಒಂದೇ ಗಂಟಲು ಅನ್ನಬೇಕು, ಹಾಗೆ ಕೂಡಿಸಿದ್ದೀವಿ.

ಮೊನ್ನೆ ಗಾಳಿ ಜೋರಾಗಿತ್ತು. ನಾನು ಯಾರೊಂದಿಗೋ ಕೀಟಲೆ ಮಾಡುತ್ತಾ ನನ್ನ ಪಾಲು ಮರೆತೆ. ಅವನು ಬೇತ ಅಂದು, ಬಾಯಿ ತೆರೆದುಕೊಂಡೇ, ನನ್ನ ಕಡೆ ನೋಡುತ್ತಾ ಕೂತಿದ್ದಾನೆ. ಕೊನೆಗೆ ಕೈ ಮಾಡಿ ಹತ್ತಿರ ಕರೆದ.

“ಬಿರ್ನೆ ಮಂಗ್ಲ ಅಂದ್ಬಿಡ್ಲಾ,” ಅಂದ. “ಎಷ್ಟೊತ್ತು ಅಂತ ಕಾಯ್ಲಿ?”

ಹರಿಕಥೆ ಮುಗಿಸೋಕೂ ಮಂಗಳವೇ ಹಾಡೋದು. ಇಬ್ಬರೂ ನಕ್ಕೆವು. ಅವನು ನಕ್ಕರೆ ಏನಾಗುತ್ತೆ ಅಂತ ಗೊತ್ತಿದ್ದೂ ನಕ್ಕೆವು. ಆವತ್ತಿನಿಂದ ನಾನು ಮಂಗಲ ಅನ್ನೋದನ್ನ ಬೇಕಂತಲೇ ಸ್ವಲ್ಪ ತಡ ಮಾಡುತ್ತೀನಿ. ಕ್ಲೀನರ್ ಹುಡುಗ ಸೋಮಾರಿ ಅಂತ ಜನ ಬೈತಾರೆ. ಬೈಕೊಳ್ಳಲಿ.